ಏನೂ ಕೇಳದಿದ್ದಾಗ ಗಿಣಿ ಹೇಳುವ ಹೆಸರು

ಒಂದೂರಿಗೆ ಒಬ್ಬ ಅರಸನಿದ್ದನಂತೆ, ಅರಸನಿಗೊಂದು ಗಿಣಿ ಇತ್ತಂತೆ, ಗಿಣಿಗೆ ಊರಿನ ಎಲ್ಲರ ಹೆಸರೂ ಬರುತ್ತಿತ್ತಂತೆ. ಯಾರ ವಿಷಯ ಕೇಳಿದರೂ ಹೇಳುತ್ತಿತ್ತು: ಯಾರ ಮನೆಯ ಒಲೆ ಹೊತ್ತಿದೆ, ಯಾರ ಬೇಲಿ ಮುರಿದಿದೆ, ಯಾರು ಯಾರ ಮೇಲೆ ಹಲ್ಲು ಮಸೆಯುತ್ತಿದ್ದಾರೆ. ಆದರೆ ಅರಸನೋ ಮಹಾ ಸೋಮಾರಿ. ಬೆಳಗ್ಗೆ ಎದ್ದು, ಆಕಳಿಸಿ, ಏನೂ ಕೇಳದೆ ಗಿಣಿಯ ಮುಂದೆ ಕೂತುಬಿಡುತ್ತಿದ್ದ. ಏನೂ ಕೇಳದಿದ್ದರೆ ಗಿಣಿ ಸುಮ್ಮನಿರಬೇಕಲ್ಲ? ಇರುತ್ತಿರಲಿಲ್ಲ. ಒಂದೇ ಹೆಸರು ಹೇಳುತ್ತಿತ್ತು. ನೀರು ಹೊರುವವಳು, ನೀರು ಹೊರುವವಳು. ದಿನಾ ಅದೇ ಹೆಸರು ಕಿವಿಗೆ ಬಿದ್ದು ಬಿದ್ದು, ಕಡೆಕಡೆಗೆ ಅರಸನಿಗೆ ಕೆರೆ ಬತ್ತಿದರೂ ಅವಳೇ, ಕುದುರೆ ಕುಂಟಿದರೂ ಅವಳೇ, ತನಗೆ ನೆಗಡಿಯಾದರೂ ಅವಳೇ ಕಾರಣ ಅನ್ನಿಸತೊಡಗಿತಂತೆ. ಇಲ್ಲಿಗೆ ಬರುವಷ್ಟರಲ್ಲಿ ಅಜ್ಜಿಯ ಮಾತು ನಿಧಾನವಾಗಿ, ಬೆರಳು ಮೊಮ್ಮಗಳ ಕೂದಲಲ್ಲೇ ಸಿಕ್ಕಿಕೊಂಡು, ಗೊರಕೆ ಶುರುವಾಗುತ್ತಿತ್ತು. ಮುಂದೇನಾಯಿತು ಎಂಬುದು ಮೊಮ್ಮಗಳಿಗೆ ಇವತ್ತಿಗೂ ಗೊತ್ತಿಲ್ಲ.

ಕಬ್ಬಿಣದ ಮೆಟ್ಟಿಲು ಹತ್ತುವಾಗ ಅವಳಿಗೆ ಆ ಗೊರಕೆಯೇ ನೆನಪಾಯಿತು. ಕೆಳಗೆ ಒಗೆಯುವ ಯಂತ್ರಗಳು ಹಾಗೇ ಉಸಿರೆಳೆದು ಉಸಿರು ಬಿಡುತ್ತಿದ್ದವು. ಈ ಕಾರ್ಖಾನೆಗೆ ಬರುವುದೆಲ್ಲ ಆಸ್ಪತ್ರೆಗಳ ಬಟ್ಟೆ: ಹಾಸಿಗೆಯ ಚಾದರ, ದಿಂಬಿನ ಚೀಲ, ಡಾಕ್ಟರುಗಳ ಹಸಿರು ಗೌನು. ಒಗೆದು, ಹಿಂಡಿ, ಕಾದ ರೋಲರಿನಡಿ ಹಾಯಿಸಿ, ಮಡಿಸಿ, ಕಟ್ಟು ಕಟ್ಟಿ ಕಳಿಸುವುದು ಕೆಳಗಿನ ನಾಲ್ಕು ಸಾಲುಗಳ ಕೆಲಸ. ಕಲೆ ಹೋಗಿಲ್ಲ, ಇನ್ನೂ ಹಸಿ ಇದೆ, ಅಂಚು ಹರಿದಿದೆ ಎಂದು ಆಸ್ಪತ್ರೆಯವರು ವಾಪಸು ಮಾಡಿದ್ದು ಯಾವ ಸಾಲಿನದೆಂದು ವಿಂಗಡಿಸಿ, ಪರದೆಯ ಮೇಲೆ ಕಂಬಗಳಾಗಿ ನಿಲ್ಲಿಸುವುದು ಮೇಲಿನ ಕೋಣೆಯಲ್ಲಿ ಅವಳ ಕೆಲಸ. ಅದಕ್ಕೇ ಎಲ್ಲರೂ ಅವಳನ್ನು ಚಾರ್ಟಮ್ಮ ಎನ್ನುತ್ತಿದ್ದರು. ಮೊದಮೊದಲು ಅದರಲ್ಲಿ ಅಕ್ಕರೆ ಇದೆ ಅಂದುಕೊಂಡಿದ್ದಳು. ಈಚೆಗೆ ಯಾರಾದರೂ ಹಾಗೆ ಕರೆದರೆ ಬೆನ್ನ ಹಿಂದೆ ಯಾರೋ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾರೆ ಅನ್ನಿಸುತ್ತಿತ್ತು. ಇವತ್ತು ಮೆಟ್ಟಿಲ ಮೇಲೆ ಎದುರಾದ ಮೀಸೆ ಸಾಹೇಬರು, ಅಂದರೆ ಕೆಳಗಿನ ನಾಲ್ಕೂ ಸಾಲುಗಳ ಮೇಲಿನ ಮ್ಯಾನೇಜರು, ‘ಏನು ಚಾರ್ಟಮ್ಮ, ಮಧ್ಯಾಹ್ನದ ಮೀಟಿಂಗಿಗೆ ಎಲ್ಲಾ ರೆಡಿನಾ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಳಿದುಹೋದರು. ಉತ್ತರ ಬೇಡದವನು ಪ್ರಶ್ನೆ ಯಾಕೆ ಕೇಳಬೇಕು? ಅವಳು ಅರ್ಧ ಮೆಟ್ಟಿಲಲ್ಲೇ ನಿಂತು ಅವರ ಬೆನ್ನನ್ನು ನೋಡಿದಳು. ಬೆನ್ನು ಏನನ್ನೂ ಹೇಳಲಿಲ್ಲ. ಬೆನ್ನುಗಳು ಹೇಳುವುದಿಲ್ಲ, ಅದೇ ಅವುಗಳ ಅನುಕೂಲ.

ಕುರ್ಚಿಯಲ್ಲಿ ಕೂತು ಪರದೆ ತೆರೆದ ಕೂಡಲೇ ಮೂರನೇ ಸಾಲು ಬಂತು. ಬರದೆ ಇನ್ನೇನು. ಈ ಚಾರ್ಟು ಒಂದು ಸಲಕ್ಕೆ ಒಂದು ಸಾಲನ್ನು ತೋರಿಸುತ್ತದೆ. ಯಾವ ಸಾಲು ಬೇಕೋ ಅದನ್ನು ಮೇಲಿನ ಮೂಲೆಯ ಫಿಲ್ಟರಿನಲ್ಲಿ ಆರಿಸಿಕೊಳ್ಳಬೇಕು. ಅಲ್ಲೊಂದು ಪುಟ್ಟ ಬಾಣವಿದೆ, ಒತ್ತಿದರೆ ನಾಲ್ಕೂ ಸಾಲುಗಳ ಹೆಸರು ಬಿಚ್ಚಿಕೊಳ್ಳುತ್ತದೆ. ಯಾರೂ ಒತ್ತುವುದಿಲ್ಲ. ಯಾರೂ ಏನೂ ಆರಿಸದಿದ್ದರೆ ಚಾರ್ಟು ಖಾಲಿ ಇರಬಾರದೆಂದು ಫಾರ್ಮುಲಾದೊಳಗೆ ಒಂದು ಡೀಫಾಲ್ಟ್ ಹಾಕಿರುತ್ತಾರೆ: ಫಿಲ್ಟರ್ ಖಾಲಿಯಿದ್ದರೆ ಇದನ್ನು ತೋರಿಸು. ಆ ‘ಇದು’ ಮೂರನೇ ಸಾಲಾಗಿತ್ತು. ಕಾರ್ಖಾನೆಯ ಯಜಮಾನರು, ಎಲ್ಲರ ಬಾಯಲ್ಲೂ ದೊಡ್ಡವರು, ಮೀಟಿಂಗಿನ ಗಾಜಿನ ಕೋಣೆಯಲ್ಲಿ ಪರದೆ ಹಚ್ಚಿಸಿ, ಕೈಕಟ್ಟಿ ಕೂತು, ತೆರೆದುಕೊಂಡದ್ದನ್ನೇ ನೋಡುತ್ತಿದ್ದರು. ತೆರೆದದ್ದೇ ಕಾರ್ಖಾನೆ. ತೆರೆದಾಗಲೆಲ್ಲ ಮೂರನೇ ಸಾಲಿನ ಕೆಂಪು ಕಂಬಗಳು. ‘ಮತ್ತೆ ಇವರೇನಾ?’ ಎನ್ನುತ್ತಿದ್ದರು. ಒಂದು ಸಲ ಅವಳು ಬಾಗಿಲ ಬಳಿ ನಿಂತು, ಒಂದನೇ ಸಾಲಿನದು ಇದಕ್ಕಿಂತ ಹೆಚ್ಚಿದೆ ಸರ್ ಎಂದಿದ್ದಳು. ಹೇಳಿದ್ದು ತನ್ನ ಕಿವಿಗೇ ಸರಿಯಾಗಿ ಕೇಳಿಸಿರಲಿಲ್ಲ. ಮೀಸೆ ಸಾಹೇಬರು ತಿರುಗಿ, ‘ಚಾರ್ಟಮ್ಮ, ಟೀ ಬಂತಾ ನೋಡು’ ಎಂದಿದ್ದರು. ಅವಳು ಹೋಗಿ ನೋಡಿದ್ದಳು. ಬಂದಿತ್ತು. ತಟ್ಟೆ ಹಿಡಿದು ಒಳಗೆ ಬಂದಾಗ ಯಾರೂ ಅವಳತ್ತ ನೋಡಿರಲಿಲ್ಲ, ಟೀಯತ್ತ ನೋಡಿದ್ದರು.

ಇವತ್ತಿನ ಮೀಟಿಂಗಿನಲ್ಲಿ ಮೂರನೇ ಸಾಲನ್ನು ಮುಚ್ಚಿ ಅದರ ಕೆಲಸ ಹೊರಗಿನವರಿಗೆ ಕೊಡುವುದೋ ಬೇಡವೋ ತೀರ್ಮಾನವಾಗುತ್ತದೆ. ಮೂರನೇ ಸಾಲಿನ ಮುಖ್ಯಸ್ಥೆ ಅವಳ ಚಿಕ್ಕಮ್ಮ.

ಇದು ಇಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗಬಾರದೆಂದು ಚಿಕ್ಕಮ್ಮನೇ ಹೇಳಿದ್ದು. ಕೆಲಸಕ್ಕೆ ಸೇರಿದ ದಿನ ಬಸ್ಸಿಳಿಯುವ ಮುಂಚೆ, ‘ಗೇಟಿನ ಒಳಗೆ ನಾನು ನಿನಗೆ ಚಿಕ್ಕಮ್ಮ ಅಲ್ಲ, ನೀನು ನನಗೆ ಯಾರೂ ಅಲ್ಲ. ಮೇಡಂ ಅನ್ನು. ಆಮೇಲೆ ಚಿಕ್ಕಮ್ಮನ ಸೆರಗು ಹಿಡ್ಕೊಂಡು ಬಂದೋಳು ಅಂತ ಆಡ್ಕೋತಾರೆ’ ಎಂದಿದ್ದಳು. ಅದು ಒಳ್ಳೆಯದಕ್ಕೇ ಇರಬಹುದು. ಆದರೆ ‘ಯಾರೂ ಅಲ್ಲ’ ಎಂಬುದನ್ನು ಅಷ್ಟು ಸಲೀಸಾಗಿ ಹೇಳಬಹುದೇ? ಚಿಕ್ಕಮ್ಮನ ಮನೆಯಲ್ಲಿ ಅವಳಿಗೆ ಹೊಲಿಗೆ ಯಂತ್ರವಿರುವ ಕೋಣೆ ಕೊಟ್ಟಿದ್ದರು. ಮಲಗಿದರೆ ಯಂತ್ರದ ಕಾಲುಮಣೆ ತಲೆಗೆ ತಾಗುತ್ತಿತ್ತು. ತಾಗಿದ ಸದ್ದಿಗೆ ಗೋಡೆಯಾಚೆಯಿಂದ ಚಿಕ್ಕಮ್ಮ, ‘ಏನೇ ಅದು?’ ಎನ್ನುತ್ತಿದ್ದಳು, ಯಂತ್ರಕ್ಕೆ ಪೆಟ್ಟಾಯಿತೇನೋ ಎಂಬ ದನಿಯಲ್ಲಿ. ತಲೆಗೇನಾಯಿತು ಎಂದು ಕೇಳಿರಲಿಲ್ಲ. ಅಥವಾ ಅದನ್ನೇ ಕೇಳಿದ್ದಳೋ? ‘ಏನೇ ಅದು’ ಎಂಬುದರಲ್ಲಿ ತಲೆಯೂ ಸೇರಿತ್ತೋ ಏನೋ. ಉಣ್ಣುವಾಗ ಎರಡನೇ ಸಲ ಬಡಿಸಿದರೆ, ತಾನು ಹೆಚ್ಚು ತಿನ್ನುತ್ತೇನೆಂದು ತೋರಿಸುವುದಕ್ಕೆ ಬಡಿಸಿದಳು ಅನ್ನಿಸುತ್ತಿತ್ತು. ಬಡಿಸದಿದ್ದರೆ, ಅದಂತೂ ಸರಿಯೇ. ಮನಸ್ಸೆಂಬುದು ಸುಮ್ಮನೆ ಕೂತಾಗ ಯಾಕೆ ಹೀಗೆ ಒಬ್ಬಳದೇ ಮುಖ ತಂದು ನಿಲ್ಲಿಸುತ್ತದೆ? ಇಷ್ಟು ದೊಡ್ಡ ಪ್ರಪಂಚದಲ್ಲಿ ಅನುಮಾನ ಪಡುವುದಕ್ಕೆ ಬೇರೆ ಜನ ಸಿಗುವುದಿಲ್ಲವೇ?

ಹೋದ ವಾರ ಅಡುಗೆಮನೆಯ ಕಟ್ಟೆ ಒರೆಸುತ್ತ, ತಿರುಗಿ ನೋಡದೆ, ಚಿಕ್ಕಮ್ಮ ಕೇಳಿದ್ದಳು: ‘ದೊಡ್ಡವರ ಪರದೆ ತೆಗೆದ್ರೆ ಸಾಕು ನಮ್ಮ ಸಾಲೇ ಬರತ್ತಂತಲ್ಲ. ಅದೇನು ಶನಿನೋ?’

‘ಅದು ಡೀಫಾಲ್ಟ್ ಚಿಕ್ಕಮ್ಮ. ಏನೂ ಆರಿಸದಿದ್ರೆ ಅದು ಬರತ್ತೆ.’

‘ತೆಗೀಬಹುದಾ?’

‘ತೆಗೀತೀನಿ.’

‘ಮಾತು ಕೊಟ್ಟೆ ನೋಡು. ಮೀಟಿಂಗಿಗೆ ಮುಂಚೆ.’ ಆಮೇಲೆ, ಒರೆಸುವ ಬಟ್ಟೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಂಡಿ, ‘ಅದನ್ನ ಅಲ್ಲಿ ಹಾಕಿದ್ದು ಯಾರು ಅಂತ ಗೊತ್ತಾಗತ್ತಾ?’

‘ಹುಡುಕ್ತೀನಿ.’

‘ಹುಡುಕು. ಸಿಕ್ಕರೆ ನನಗೆ ಮಾತ್ರ ಹೇಳು.’

‘ನನಗೆ ಮಾತ್ರ’ ಯಾಕೆ? ವಾರವಿಡೀ ಆ ಎರಡು ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಉಳಿದವು. ಹುಡುಕುವುದು ಕಷ್ಟವೇನಲ್ಲ. ಪಕ್ಕದ ಮೇಜಿನ ಕನ್ನಡಕ, ಯಾರಿಗೆ ಯಾವ ಫೈಲು ತೆರೆಯಬೇಕು ಯಾರಿಗೆ ಮುಚ್ಚಬೇಕು ಎಂದು ನೋಡಿಕೊಳ್ಳುವವನು, ಮಾರನೇ ದಿನ ಕೇಳಿದ್ದಕ್ಕೆ ಹೇಳಿದ್ದ: ‘ಹಿಸ್ಟರಿ ತೆಗೆದ್ರೆ ಯಾರು ಬದಲಾಯಿಸಿದ್ದು ಅಂತ ಬರತ್ತಲ್ರೀ. ಒಂದು ಕ್ಲಿಕ್ಕು.’ ಅವನು ಅದನ್ನು ಪರದೆಯಿಂದ ಕಣ್ಣೆತ್ತದೆ ಹೇಳಿದ್ದ. ಅವನಿಗೆ ಮೊದಲೇ ಗೊತ್ತಿತ್ತೇ? ಆ ಒಂದು ಕ್ಲಿಕ್ಕನ್ನು ಅವಳು ಮಾಡಿರಲಿಲ್ಲ. ಬದಲಿಗೆ ಮೀಸೆ ಸಾಹೇಬರನ್ನು ಗಮನಿಸಿದಳು. ಒಂದನೇ ಸಾಲು ಅವರ ಮುದ್ದಿನ ಸಾಲು. ಹೊಸ ರೋಲರು ಬಂದರೆ ಮೊದಲು ಅಲ್ಲಿಗೇ. ಮೂರನೇ ಸಾಲಿನ ರೋಲರಿಗೆ ಸುತ್ತಿದ ದಪ್ಪ ಬಟ್ಟೆ ಸವೆದು ಚಾದರಗಳು ಹಸಿಯಾಗಿಯೇ ಹೊರಬರುತ್ತಿವೆ, ಬದಲಾಯಿಸಿ ಕೊಡಿ ಎಂದು ಚಿಕ್ಕಮ್ಮ ಕೇಳಿ ಕೇಳಿ ಸೋತಿದ್ದಳು. ಇದೇ ಮೀಸೆ ಸಾಹೇಬರು ಒಮ್ಮೆ ಅವಳ ಮೇಜಿನ ಬಳಿ ಬಂದು, ‘ಚಾರ್ಟ್ ಚೆನ್ನಾಗಿದೆ, ಏನೂ ಮುಟ್ಟಬೇಡ’ ಎಂದಿದ್ದರು. ಮುಟ್ಟಬೇಡ! ಇದಕ್ಕಿಂತ ಸಾಕ್ಷಿ ಬೇಕೆ? ಅವರ ಡ್ರಾಯರು ಮುಚ್ಚುವ ಸದ್ದಿನಲ್ಲಿ, ಮೀಸೆಯ ಎಡತುದಿಯನ್ನು ಮಾತ್ರ ತಿರುವುವುದರಲ್ಲಿ, ದೊಡ್ಡವರು ‘ಮತ್ತೆ ಇವರೇನಾ’ ಎಂದಾಗ ಕಿಟಕಿಯಾಚೆ ನೋಡುವುದರಲ್ಲಿ ಅವಳಿಗೆ ಬೇಕಾದ್ದೆಲ್ಲ ಸಿಕ್ಕಿತು. ಸಿಗದ್ದೊಂದೇ: ಅಷ್ಟು ಖಾತ್ರಿಯಿದ್ದರೆ ಆ ಕ್ಲಿಕ್ಕಿಗೆ ತಾನೇಕೆ ಹೆದರುತ್ತಿದ್ದೇನೆ ಎಂಬುದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವರು ಬೇರೆ ಯಾರೋ ಇರಬೇಕಿತ್ತು. ಆದರೆ ಕೈ ಹೋಗಿದ್ದು ಅವಳದೇ ಹೆಗಲಿಗೆ.

ಊಟದ ಹೊತ್ತಿಗೆ ಅವಳು ಹಿಂದಿನ ಮೆಟ್ಟಿಲಿಗೆ ಹೋದಳು. ಅಲ್ಲಿ ಹಬೆಯ ಕೊಳವೆ ಹಾಯ್ದು ಗೋಡೆ ಬೆಚ್ಚಗಿರುತ್ತದೆ, ಜನ ಬರುವುದಿಲ್ಲ. ಚಿಕ್ಕಮ್ಮ ಆಗಲೇ ಕೂತಿದ್ದಳು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಮುಚ್ಚಳ ತೆಗೆಯದೆ. ಅವಳ ಬೆರಳ ತುದಿಗಳು ಯಾವಾಗಲೂ ನೀರಲ್ಲಿ ನೆನೆದಂತೆ ಸುಕ್ಕು. ಇಬ್ಬರ ನಡುವೆ ಒಂದು ಮೆಟ್ಟಿಲು ಖಾಲಿ ಬಿಟ್ಟು ಅವಳೂ ಕೂತಳು. ಯಾರಾದರೂ ಕಂಡರೆ ಆಕಸ್ಮಿಕವೆನ್ನಿಸಬೇಕು.

‘ತೆಗೆದಾ?’

‘ಇಲ್ಲ ಮೇಡಂ. ತೆಗೀತೀನಿ. ಖಾಲಿ ಬಿಡೋ ಹಾಗಿಲ್ಲ, ಬಿಟ್ರೆ ಬರೀ ಬಿಳಿ ಪರದೆ ಬರತ್ತೆ. ಮೊದಲು ಒಂದ್ಸಲ ಹಾಗಾದಾಗ, ಗೋಡೆ ನೋಡೋಕೆ ಕರೆದ್ರಾ ನನ್ನ ಅಂತ ದೊಡ್ಡವರು ರೇಗಿದ್ರು. ಬೇರೆ ಏನಾದ್ರೂ ಹಾಕಬೇಕು.’

‘ಮೇಡಂ ಅಂತೆ. ಇಲ್ಲಿ ಯಾರಿದಾರೆ, ಈ ಕೊಳವೆ ಬಿಟ್ಟು?’

‘ನೀನೇ ಹೇಳಿದ್ದಲ್ಲ.’

‘ನಾನು ಹೇಳಿದ್ದೆಲ್ಲ ಮಾಡ್ತೀಯಾ?’ ಚಿಕ್ಕಮ್ಮ ನಗಲಿಲ್ಲ. ‘ಯಾರು ಹಾಕಿದ್ದು ಅಂತ ಸಿಕ್ತಾ?’

‘ಮೀಸೇದೇ ಕೆಲಸ. ನಂಗೆ ಖಾತ್ರಿ.’

ಚಿಕ್ಕಮ್ಮ ಡಬ್ಬಿಯ ಮುಚ್ಚಳವನ್ನು ತೆಗೆದು, ಒಳಗೆ ನೋಡಿ, ಮತ್ತೆ ಮುಚ್ಚಿದಳು. ‘ನಿನ್ನಜ್ಜಿ ಒಂದು ಗಿಣಿ ಕಥೆ ಹೇಳ್ತಿದ್ಲಲ್ಲ, ನೆನಪಿದೆಯಾ?’

ಅವಳು ಸರ್ರನೆ ತಿರುಗಿ ನೋಡಿದಳು. ಆ ಕಥೆ ತನ್ನೊಬ್ಬಳದೇ ಎಂದುಕೊಂಡಿದ್ದಳು. ಅಜ್ಜಿ ಚಿಕ್ಕಮ್ಮನಿಗೆ ತಾಯಿ, ಅವಳ ಕೂದಲಲ್ಲೂ ಆ ಬೆರಳು ಆಡಿರಬೇಕು ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ.

‘ನಾನು ಕೊನೇ ತನಕ ಕೇಳೇ ಇಲ್ಲ. ಅವಳು ನಿದ್ದೆ ಹೋಗ್ತಿದ್ಲು.’

‘ನಮಗೆ ಹೇಳುವಾಗ ಹೋಗ್ತಿರಲಿಲ್ಲ, ಆಗ ವಯಸ್ಸಿತ್ತು. ಆ ಗಿಣಿಗೆ ನೀರು ಹೊರೋಳ ಹೆಸರು ಕಲಿಸಿದ್ದು ಯಾರು, ಹೇಳು ನೋಡೋಣ.’

‘ಯಾರೋ ಆಗದವರು. ಮಂತ್ರಿನೋ ಯಾರೋ.’

‘ಅವಳೇ ಕಣೇ. ನೀರು ಹೊರೋಳೇ. ಅರಮನೆಗೆ ನೀರು ತಂದಾಗೆಲ್ಲ ಗಿಣಿಗೆ ಒಂದೊಂದು ಪೇರಲೆ ಚೂರು ತಿನ್ನಿಸಿ, ನನ್ನ ಹೆಸರು ಹೇಳು, ನನ್ನ ಹೆಸರು ಹೇಳು ಅಂತ ಕಲಿಸಿದ್ಲು. ಅರಸನ ಕಿವಿಗೆ ದಿನಾ ಬೀಳಲಿ ಅಂತ. ಆಗ ಕೆರೆ ತುಂಬಿತ್ತು ನೋಡು.’

ಹೇಳಿ ಎದ್ದು, ಸೀರೆ ಕೊಡವಿ, ಉಣ್ಣದ ಡಬ್ಬಿಯನ್ನು ಹಿಡಿದು ಇಳಿದುಹೋದಳು. ಆ ಬೆನ್ನು ಮಾತ್ರ ಏನೋ ಹೇಳಿತು.

ಆಗ ಕೆರೆ ತುಂಬಿತ್ತು. ಅವಳು ಬೆಚ್ಚಗಿನ ಗೋಡೆಗೆ ತಲೆಯಾನಿಸಿ ಕೂತೇ ಇದ್ದಳು. ಆ ಬಿಸಿಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಮೆಲ್ಲಗೆ ಬಿಚ್ಚಿಕೊಂಡಿತು. ಹೊಸದಾಗಿ ಚಾರ್ಟು ಕಟ್ಟಿದ ದಿನಗಳು. ಹೊಲಿಗೆ ಯಂತ್ರದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಚಿಕ್ಕಮ್ಮನಿಗೆ ತೋರಿಸುತ್ತಿದ್ದಾಳೆ. ಚಿಕ್ಕಮ್ಮ ಕನ್ನಡಕ ಏರಿಸಿ, ಬಾಗಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ. ಮೂರನೇ ಸಾಲಿನ ಕಂಬಗಳು ಆಗ ಹುಲ್ಲಿನ ಗರಿಯಷ್ಟು ಗಿಡ್ಡ. ಕಾರ್ಖಾನೆಯಲ್ಲೇ ಎಲ್ಲಕ್ಕಿಂತ ಕಡಿಮೆ ವಾಪಸು. ‘ಇದು ನಾವೇನಾ? ನಾವೇನೇ?’ ಎಂದು ಮಗುವಿನ ಹಾಗೆ ಕೇಳಿ, ಚಿಕ್ಕಮ್ಮ ಅವಳ ಭುಜ ಹಿಡಿದು, ‘ಹಾಗಾದ್ರೆ ತೆಗೆದ ಕೂಡಲೇ ನಮ್ಮದೇ ಬರೋ ಹಾಗೆ ಮಾಡೇ. ದೊಡ್ಡವರು ನೋಡಲಿ ಒಂದು ಸಲ’ ಎಂದಿದ್ದಳು. ಅವಳು ಆ ಮನೆಗೆ ಬಂದ ಮೇಲೆ ಚಿಕ್ಕಮ್ಮ ಅವಳನ್ನು ಮುಟ್ಟಿ ಮಾತಾಡಿದ್ದು ಅದೇ ಮೊದಲು. ಆ ಭುಜದ ಮೇಲಿನ ಕೈಗೋಸ್ಕರ ಅವಳು ಕಾರ್ಖಾನೆಯನ್ನೇ ಮಗುಚಿ ಹಾಕುತ್ತಿದ್ದಳೇನೋ. ಫಾರ್ಮುಲಾ ತೆಗೆದು, ಖಾಲಿಯಿದ್ದರೆ ‘ಮೂರನೇ ಸಾಲು’ ಎಂದು ಬರೆದಳು. ಬಿಳಿ ಪರದೆಗೆ ರೇಗಿದ್ದ ದೊಡ್ಡವರಿಗೂ ಅದರಿಂದ ಸಮಾಧಾನವಾಯಿತು. ಆಮೇಲೆ ರೋಲರಿನ ಬಟ್ಟೆ ಸವೆಯಿತು, ಕಂಬ ಬೆಳೆಯಿತು. ಬೆಳೆಯುವ ಕಂಬವನ್ನು ದಿನಾ ನೋಡುತ್ತ ಇಬ್ಬರೂ ಆ ಭಾನುವಾರವನ್ನು ಎಲ್ಲೋ ಮಡಿಸಿಟ್ಟರು. ಅವಳು ಮರೆತಿದ್ದಳೇ? ಮರೆತಿದ್ದರೆ ಕ್ಲಿಕ್ಕಿಗೆ ಯಾಕೆ ಹೆದರಿದಳು? ‘ನನಗೆ ಮಾತ್ರ ಹೇಳು’ ಎಂದವಳು, ಪಾಪ, ತನ್ನ ಆಸೆ ನಾಲ್ಕು ಜನರ ಮುಂದೆ ಬಯಲಾದೀತೆಂದು ಹೆದರಿದ್ದಳು. ಮತ್ತು ಬಹುಶಃ, ಅಕ್ಕನ ಮಗಳೆಂದು ಮನೆಗೆ ಬಂದ ಈ ಹುಡುಗಿ ತನ್ನ ಮೇಲಿನ ಯಾವುದೋ ಸಿಟ್ಟಿಗೆ ಅದನ್ನು ಹಾಗೇ ಬಿಟ್ಟಿದ್ದಾಳೆ ಎಂದು ಗೋಡೆಯಾಚೆ ಮಲಗಿ ಅನುಮಾನಪಟ್ಟಿದ್ದಳು. ಅನುಮಾನ ಸುಳ್ಳೇ? ಕಾಲುಮಣೆ ತಲೆಗೆ ತಾಗಿದಾಗಲೆಲ್ಲ, ಕೆಂಪು ಕಂಬ ಬೆಳೆದದ್ದು ನೆನಪಾಗಿ ಒಳಗೆಲ್ಲೋ ಒಂದು ತಣ್ಣನೆಯ ಸಮಾಧಾನ ಸುಳಿದಿರಲಿಲ್ಲವೇ? ಸುಳಿದಿತ್ತು. ಇಷ್ಟೇ ಇಷ್ಟು. ಚಾದರದಲ್ಲಿ ಉಳಿದ ಹಸಿಯಷ್ಟು.

ಅವಳು ಮೇಲೆ ಬಂದಾಗ ಗಾಜಿನ ಕೋಣೆ ತುಂಬಿತ್ತು. ಎಲ್ಲರೂ ಊಟ ಬೇಗ ಮುಗಿಸಿದ್ದರು, ಅಥವಾ ಅವಳು ತಡಮಾಡಿದ್ದಳು. ದೊಡ್ಡವರು ಕೈಕಟ್ಟಿ ಕೂತಿದ್ದರು. ಗೋಡೆಯ ಪರದೆಯ ಮೇಲೆ ಮೂರನೇ ಸಾಲು. ಮೀಸೆ ಸಾಹೇಬರು ನಿಂತು ಏನೋ ಹೇಳುತ್ತಿದ್ದರು. ‘ಹೊರಗೆ ಕೊಟ್ರೆ’ ಎಂಬುದಷ್ಟು ಬಾಗಿಲ ಸಂದಿಯಿಂದ ಕೇಳಿಸಿತು. ಬಾಗಿಲಿಗೆ ಒರಗಿ, ಒಳಗೂ ಅಲ್ಲದೆ ಹೊರಗೂ ಅಲ್ಲದೆ ಚಿಕ್ಕಮ್ಮ ನಿಂತಿದ್ದಳು, ಹೇಳಿಕಳಿಸಿದ್ದಕ್ಕೆ ಬಂದವಳಂತೆ, ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ. ಒಳಗೆ ಒಂದು ಕುರ್ಚಿ ಖಾಲಿಯಿತ್ತು. ಕೂರು ಎಂದು ಯಾರೂ ಹೇಳಿರಲಿಲ್ಲ.

ಅವಳು ತನ್ನ ಮೇಜಿನಲ್ಲಿ ಕೂತು ಫಾರ್ಮುಲಾ ತೆರೆದಳು. ಕರ್ಸರು ಮಿಟುಕುತ್ತಿತ್ತು, ಎಲ್ಲ ಗೊತ್ತಿದ್ದೂ ಸುಮ್ಮನಿರುವವರ ಕಣ್ಣಿನ ಹಾಗೆ. ‘ಮೂರನೇ’ ಎಂಬುದನ್ನು ಅಳಿಸಿದಳು. ಬೆರಳು ತಾನಾಗಿಯೇ ‘ಒಂದನೇ’ ಎಂದು ಬರೆಯಿತು. ಎಷ್ಟು ಸುಲಭ. ಇನ್ನೊಂದು ಗಳಿಗೆಯಲ್ಲಿ ಮೀಸೆಯ ಮುದ್ದಿನ ಸಾಲಿನ ಉದ್ದುದ್ದ ಕಂಬಗಳು ಗೋಡೆ ತುಂಬ ಎದ್ದು ನಿಲ್ಲುತ್ತವೆ, ದೊಡ್ಡವರು ‘ಇವರಾ?’ ಎನ್ನುತ್ತಾರೆ, ಟೀ ತರಲು ಹೋಗುವ ಸರದಿ ಯಾರದೆಂದು ನೋಡಬಹುದು. ಒಂದನೇ ಸಾಲಿನ ಮುಖ್ಯಸ್ಥೆ ಯಾರು? ಮುಖ ನೆನಪಾಯಿತು: ಬಸ್ಸಿನಲ್ಲಿ ಯಾವಾಗಲೂ ಕಿಟಕಿ ಪಕ್ಕ ಕೂತು ನಿದ್ದೆ ಮಾಡುವ ಹೆಂಗಸು, ಬಾಯಿ ಸ್ವಲ್ಪ ತೆರೆದು. ಅವಳು ಯಾವ ಗಿಣಿಗೂ ಏನನ್ನೂ ಕಲಿಸಿರಲಿಲ್ಲ. ಅಕ್ಷರಗಳನ್ನು ಒಂದೊಂದಾಗಿ ಅಳಿಸಿದಳು. ಫಿಲ್ಟರ್ ಖಾಲಿಯಿದ್ದರೆ: ಎಲ್ಲವೂ. ನಾಲ್ಕು ಸಾಲುಗಳು ಒಟ್ಟಿಗೆ, ಪಕ್ಕಪಕ್ಕದಲ್ಲಿ, ಒಂದೇ ಬಣ್ಣದಲ್ಲಿ. ಕಾಡಿನ ಹಾಗೆ ಕಾಣುತ್ತದೆ, ದೊಡ್ಡವರಿಗೆ ಅರ್ಥವಾಗುವುದಿಲ್ಲ ಎಂದು ಹಿಂದೆ ತಾನೇ ಬೇಡವೆಂದದ್ದು. ಕನ್ನಡಕ ಈ ಕಡೆ ನೋಡುತ್ತಿದ್ದಾನೆಯೇ? ನೋಡಲಿ. ಹಿಸ್ಟರಿಯಲ್ಲಿ ಇದಕ್ಕೂ ತನ್ನ ಹೆಸರೇ ಬೀಳುತ್ತದೆ. ಬೀಳಲಿ. ಸೇವ್ ಒತ್ತಿದಳು.

ಗಾಜಿನಾಚೆ ಪರದೆ ಒಮ್ಮೆ ಬಿಳಿಯಾಯಿತು. ಮೀಸೆ ಸಾಹೇಬರ ಮಾತು ನಿಂತಿತು. ಆಮೇಲೆ ಕಂಬಗಳು ಗುಂಪುಗುಂಪಾಗಿ ಎದ್ದವು, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ, ಕೆಲವು ಗಿಡ್ಡ, ಕೆಲವು ಎತ್ತರ. ಎಲ್ಲಕ್ಕಿಂತ ಎತ್ತರದ್ದು ಮೂರನೆಯದಲ್ಲ. ದೊಡ್ಡವರು ಕಟ್ಟಿದ ಕೈ ಬಿಟ್ಟರು. ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಅವರ ಕುತ್ತಿಗೆ ಎಡಕ್ಕೂ ಬಲಕ್ಕೂ ತಿರುಗಿತು, ಜಾತ್ರೆಯಲ್ಲಿ ಕೈ ತಪ್ಪಿಸಿಕೊಂಡವರ ಹಾಗೆ.

‘ಇದೇನ್ರೀ ಇದು, ಎಲ್ಲಾ ಕಾಣ್ತಿದೆ!’ ಎಂದರು. ‘ಇದ್ರಲ್ಲಿ ಒಂದೊಂದೇ ನೋಡ್ಬೇಕಾದ್ರೆ ಎಲ್ಲಿ ಆರಿಸೋದು? ಚಾರ್ಟಮ್ಮಾ!’

ಅವಳು ಎದ್ದಳು. ಬಾಗಿಲಲ್ಲಿ ಚಿಕ್ಕಮ್ಮ ಪರದೆಯನ್ನೇ ನೋಡುತ್ತ, ಒರೆಸುವುದನ್ನು ಮರೆತ ಕೈಯನ್ನು ಸೆರಗಿನಲ್ಲೇ ಬಿಟ್ಟು, ದಾರಿಗೆ ಅಡ್ಡ ನಿಂತಿದ್ದಳು.

‘ಚಿಕ್ಕಮ್ಮ, ಸ್ವಲ್ಪ ಸರಿ’ ಎಂದಳು ಅವಳು. ತನ್ನ ಕಿವಿಗೂ ಕೇಳಿಸಿತು, ಒಳಗಿದ್ದವರಿಗೂ ಕೇಳಿಸಿತು. ಮೀಸೆ ಸಾಹೇಬರು ತಲೆ ತಿರುಗಿಸಿ ಒಬ್ಬಳಿಂದ ಇನ್ನೊಬ್ಬಳತ್ತ ನೋಡಿದರು. ಅವರ ಬೆರಳು ಮೀಸೆಯ ಎಡತುದಿಗೆ ಹೋಗಿ ಅಲ್ಲೇ ನಿಂತಿತು. ಚಿಕ್ಕಮ್ಮ ಹೊರಗೆ ಸರಿಯಲಿಲ್ಲ. ಒಳಗೆ ಸರಿದು, ಖಾಲಿಯಿದ್ದ ಕುರ್ಚಿಯಲ್ಲಿ ಕೂತಳು.

ಅವಳು ಗೋಡೆಯ ಬಳಿಗೆ ಹೋಗಿ, ಮೇಲಿನ ಮೂಲೆಯ ಪುಟ್ಟ ಬಾಣದ ಮೇಲೆ ಬೆರಳಿಟ್ಟು, ‘ಇಲ್ಲಿ ಸರ್’ ಎಂದಳು.